ತುತ್ತಿಗಿಂತ ಮೊದಲು ಪಾದಕ್ಕೆ ಆಸರೆ: ಸೆರೆಬ್ರಲ್ ಪಾಲ್ಸಿ ಇರುವ ಪುಟ್ಟ ಮಕ್ಕಳಿಗೆ ಉಣಿಸುವಾಗ ನಾನು ಅನುಸರಿಸುವ ಕ್ರಮ

"ಬಾಯಿಗಿಟ್ಟಿದ್ದನ್ನೆಲ್ಲ ನಾಲಿಗೆಯಿಂದ ಹೊರಗೆ ತಳ್ಳುತ್ತೆ." "ನೀರು ಕುಡಿಸಿದರೆ ನೆತ್ತಿಗೆ ಹತ್ತುತ್ತೆ." "ಒಂದೊಂದು ಊಟಕ್ಕೂ ಒಂದು ಗಂಟೆ ಬೇಕು, ಆದರೂ ತೂಕ ಏರಲ್ಲ." ಸೆರೆಬ್ರಲ್ ಪಾಲ್ಸಿ, ಅಂದರೆ ಎಳವೆಯಲ್ಲೇ ಮೆದುಳಿಗಾದ ಹಾನಿಯಿಂದ ದೇಹದ ಚಲನೆ ಹತೋಟಿ ತಪ್ಪುವ ಸ್ಥಿತಿ, ಇರುವ ಎರಡು ಮೂರು ವರ್ಷದ ಮಗುವನ್ನು ಕರೆತರುವ ಅಮ್ಮಂದಿರ ಬಾಯಲ್ಲಿ ಹೆಚ್ಚಾಗಿ ಕೇಳುವ ಮಾತುಗಳು ಇವು. ಮೂರೂ ಬಾಯಿಗೆ ಸಂಬಂಧಿಸಿದ ದೂರುಗಳೇ. ಆದರೆ ನಾನು ಮೊದಲು ನೋಡುವುದು ಬಾಯಿಯನ್ನಲ್ಲ, ಮಗುವಿನ ಪಾದ ಎಲ್ಲಿದೆ, ಸೊಂಟ ಎಲ್ಲಿದೆ ಎಂಬುದನ್ನು.

ಇದಕ್ಕೆ ಅಂಗರಚನೆಯಲ್ಲೇ ಕಾರಣವಿದೆ. ನಾಲಿಗೆಯ ಬುಡದಲ್ಲಿ ಕುದುರೆ ಲಾಳದ ಆಕಾರದ ಹಯಾಯ್ಡ್ ಎಂಬ ಪುಟ್ಟ ಮೂಳೆ ಇದೆ. ಅದು ಬೇರೆ ಯಾವ ಮೂಳೆಗೂ ನೇರವಾಗಿ ಕೂಡಿಕೊಂಡಿಲ್ಲ. ದವಡೆ, ತಲೆಬುರುಡೆಯ ಬುಡ, ಎದೆಮೂಳೆ, ಹೆಗಲಮೂಳೆ ಇವುಗಳಿಂದ ಬರುವ ಸ್ನಾಯುಗಳೇ ಅದನ್ನು ತೂಗುಹಾಕಿಕೊಂಡಿವೆ. ನುಂಗುವಾಗ ಈ ಮೂಳೆ ಮೇಲಕ್ಕೆ ಮತ್ತು ಮುಂದಕ್ಕೆ ಸರಿಯಬೇಕು, ಅದರ ಜೊತೆಗೆ ಧ್ವನಿಪೆಟ್ಟಿಗೆಯೂ ಏರಬೇಕು. ಆಗಲೇ ಶ್ವಾಸನಾಳದ ಬಾಯಿ ಮುಚ್ಚಿಕೊಂಡು ತುತ್ತು ಅನ್ನನಾಳದ ದಾರಿ ಹಿಡಿಯುತ್ತದೆ. ಮಗುವಿನ ಸೊಂಟ ಮುಂದಕ್ಕೆ ಜಾರಿ, ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿ, ಹೆಗಲು ಕಿವಿಯ ಹತ್ತಿರಕ್ಕೆ ಏರಿದೆ ಎಂದುಕೊಳ್ಳಿ. ಹಯಾಯ್ಡ್ ಅನ್ನು ಹಿಡಿದಿರುವ ಸ್ನಾಯುಗಳೆಲ್ಲ ಎಳೆದು ಕಟ್ಟಿದ ಹಗ್ಗದಂತಾಗಿರುತ್ತವೆ. ಆ ಸ್ಥಿತಿಯಲ್ಲಿ ನಾಲಿಗೆಗೆ ಮುಂದೆ ಹಿಂದೆ ಆಡುವುದಷ್ಟೇ ಸಾಧ್ಯ, ಪಕ್ಕಕ್ಕೆ ಹೊರಳಲು ಆಗುವುದಿಲ್ಲ. "ತಳ್ಳುತ್ತೆ" ಎಂದು ನಮಗೆ ಕಾಣುವುದರಲ್ಲಿ ದೊಡ್ಡ ಪಾಲು ಹಟವಲ್ಲ, ಇದು.

ಹಾಗೆಂದು ನೆಟ್ಟಗೆ ಕೂರಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಹೇಳುತ್ತಿಲ್ಲ. ಮೆದುಳಿನಿಂದ ಬಾಯಿ, ಗಂಟಲಿನ ಸ್ನಾಯುಗಳಿಗೆ ಬರುವ ಆದೇಶದಲ್ಲೇ ತೊಡಕಿದ್ದರೆ ಕುರ್ಚಿ ಅದನ್ನು ವಾಸಿ ಮಾಡದು. ಆದರೆ ಕೂರಿಸುವುದನ್ನು ಸರಿಪಡಿಸದೆ ಬಾಯಿಯನ್ನು ಪರೀಕ್ಷಿಸಿದರೆ ಯಾವುದು ಮೆದುಳಿನ ತೊಡಕು, ಯಾವುದು ಕುರ್ಚಿಯ ತೊಡಕು ಎಂದು ಬೇರ್ಪಡಿಸಲು ಆಗುವುದೇ ಇಲ್ಲ.

ನಡೆಯುವ ಮಗುವನ್ನೂ ಬಿಡಬಾರದು

ದೇಹದ ಚಲನೆಯ ಮಟ್ಟವನ್ನು ಗುರುತಿಸಲು ಜಿಎಂಎಫ್‌ಸಿಎಸ್ ಎಂಬ ಐದು ಹಂತಗಳ ವರ್ಗೀಕರಣ ಬಳಸುತ್ತೇವೆ. ಕೆನಡಾದಲ್ಲಿ ರೂಪುಗೊಂಡು 1997ರಲ್ಲಿ ಪ್ರಕಟವಾದ ಇದು 2007ರಲ್ಲಿ ಪರಿಷ್ಕೃತವಾಯಿತು. ಒಂದನೇ ಹಂತದ ಮಗು ಯಾರ ನೆರವೂ ಇಲ್ಲದೆ ನಡೆಯುತ್ತದೆ. ಐದನೇ ಹಂತದ ಮಗುವಿಗೆ ತಲೆ ಎತ್ತಿ ಹಿಡಿಯುವುದೂ ಕಷ್ಟ. ತಿನ್ನುವ, ಕುಡಿಯುವ ಸಾಮರ್ಥ್ಯಕ್ಕೆ ಇಡಿಎಸಿಎಸ್ ಎಂಬ ಬೇರೆಯದೇ ಐದು ಹಂತಗಳಿವೆ. ಅದು 2014ರಲ್ಲಿ ಬಂತು, ಮೂರು ವರ್ಷ ತುಂಬಿದ ಮಕ್ಕಳಿಗೆ ಹೊಂದುತ್ತದೆ. ಅದು ಎರಡು ಪ್ರಶ್ನೆ ಕೇಳುತ್ತದೆ: ಆಹಾರ ಶ್ವಾಸನಾಳಕ್ಕೆ ಹೋಗದಂತೆ ಮಗು ನುಂಗುತ್ತದೆಯೇ, ಬೇಕಾದಷ್ಟನ್ನು ಹೆಚ್ಚು ಚೆಲ್ಲದೆ, ಬೇಗ ದಣಿಯದೆ ತಿನ್ನುತ್ತದೆಯೇ. ಸುರಕ್ಷತೆ ಒಂದು, ದಕ್ಷತೆ ಇನ್ನೊಂದು. ಇವೆರಡನ್ನು ನಾನು ಯಾವಾಗಲೂ ಬೇರೆ ಬೇರೆಯಾಗಿಯೇ ಬರೆದಿಡುತ್ತೇನೆ. ಚೆನ್ನಾಗಿ ಚೆಲ್ಲುವ ಮಗು ಸುರಕ್ಷಿತವಾಗಿ ನುಂಗುತ್ತಿರಬಹುದು. ಒಂದು ಹನಿಯೂ ಚೆಲ್ಲದ ಮಗುವಿನ ಶ್ವಾಸಕೋಶಕ್ಕೆ ಹಾಲು ಇಳಿಯುತ್ತಿರಬಹುದು.

ಎರಡು ವರ್ಗೀಕರಣಗಳೂ ಸಾಮಾನ್ಯವಾಗಿ ಜೊತೆಜೊತೆಗೆ ಏರುತ್ತವೆ. ಆದರೆ ಒಂದನ್ನು ನೋಡಿ ಇನ್ನೊಂದನ್ನು ಬರೆಯುವಂತಿಲ್ಲ. ಆಸ್ಟ್ರೇಲಿಯಾದಲ್ಲಿ ಒಂದೂವರೆಯಿಂದ ಮೂರು ವರ್ಷದೊಳಗಿನ 120 ಮಕ್ಕಳನ್ನು ಊಟದ ಹೊತ್ತಿನಲ್ಲಿ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 85ರಷ್ಟು ಮಕ್ಕಳಿಗೆ ತಿನ್ನುವ ಅಥವಾ ನುಂಗುವ ಯಾವುದಾದರೊಂದು ತೊಂದರೆ ಇತ್ತು. ಚಲನೆಯ ತೊಡಕು ಹೆಚ್ಚಿದಂತೆ ಈ ತೊಂದರೆಯೂ ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚಿತ್ತು, ಆದರೆ ನಡೆಯಬಲ್ಲ ಮಕ್ಕಳೂ ಅದರಿಂದ ಹೊರತಾಗಿರಲಿಲ್ಲ. ನಡೆಯುವ ಮಗುವಿನಲ್ಲಿ ಅದು ಜಗಿಯದೆ ನುಂಗುವುದಾಗಿ, ಕೆನ್ನೆಯಲ್ಲಿ ಊಟ ಉಳಿಸಿಕೊಳ್ಳುವುದಾಗಿ, ಗಟ್ಟಿ ಪದಾರ್ಥ ಬೇಡವೆನ್ನುವುದಾಗಿ ಕಾಣಿಸುತ್ತದೆ. ಮನೆಯವರು ಅದನ್ನು "ಊಟದಲ್ಲಿ ತಂಟೆ" ಎಂದುಕೊಂಡಿರುತ್ತಾರೆ.

ಮೊದಲ ಊಟ: ಕೈ ಹಾಕದೆ ನೋಡುವುದು

ಮೊದಲ ಊಟದಲ್ಲಿ ನಾನು ಏನನ್ನೂ ಬದಲಿಸುವುದಿಲ್ಲ. ಮನೆಯಲ್ಲಿ ಯಾರು ಉಣಿಸುತ್ತಾರೋ ಅವರೇ, ಅದೇ ಚಮಚ, ಅದೇ ಬಟ್ಟಲು. ಮೊಬೈಲನ್ನು ಪಕ್ಕದಲ್ಲಿಟ್ಟು ವಿಡಿಯೋ ಮಾಡುತ್ತೇನೆ, ಮುಖ ಎದುರಿನಿಂದಲ್ಲ, ಪಕ್ಕದಿಂದ ಕಾಣುವಂತೆ. ಗಂಟಲು ಏರಿಳಿಯುವುದು, ಕತ್ತು ಹಿಂದಕ್ಕೆ ವಾಲುವುದು ಪಕ್ಕದಿಂದಲೇ ತಿಳಿಯುವುದು.

ಊಟಕ್ಕೆ ಮುಂಚೆ ಬಟ್ಟಲನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತೇನೆ. ಕತ್ತಿಗೆ ಕಟ್ಟುವ ಬಟ್ಟೆಯನ್ನೂ ಒಣಗಿರುವಾಗ ತೂಗುತ್ತೇನೆ. ಊಟ ಮುಗಿದ ಮೇಲೆ ಎರಡನ್ನೂ ಮತ್ತೆ ತೂಗಿದರೆ ಹೊಟ್ಟೆಗೆ ಎಷ್ಟು ಹೋಯಿತು ಎಂಬ ಅಂದಾಜು ಸಿಗುತ್ತದೆ. ಬಟ್ಟೆಯಲ್ಲಿ ಜೊಲ್ಲೂ ಸೇರಿರುತ್ತದೆ, ಹಾಗಾಗಿ ಲೆಕ್ಕ ಪಕ್ಕಾ ಅಲ್ಲ. ಆದರೂ "ಒಂದು ಬಟ್ಟಲು ಪೂರ್ತಿ ತಿಂತು" ಎನ್ನುವ ಮಾತಿಗೂ ತಕ್ಕಡಿಯ ಲೆಕ್ಕಕ್ಕೂ ಇರುವ ಅಂತರ ಕಂಡಾಗ, ತೂಕ ಯಾಕೆ ಏರುತ್ತಿಲ್ಲ ಎಂಬುದು ಮನೆಯವರಿಗೇ ಹೊಳೆಯುತ್ತದೆ.

ಜೊತೆಗೆ ಸಮಯ. ಮೊದಲ ತುತ್ತಿನಿಂದ ಕೊನೆಯ ತುತ್ತಿನವರೆಗೆ ಎಷ್ಟು ನಿಮಿಷ, ಒಂದು ತುತ್ತಿಗೆ ಎಷ್ಟು ಸಲ ನುಂಗಿತು, ಕೆಮ್ಮು ಬಂದದ್ದು ಯಾವಾಗ. ಈ "ಯಾವಾಗ" ಬಹಳ ಮುಖ್ಯ. ಮೊದಲ ಗುಟುಕಿಗೇ ಕೆಮ್ಮಿದರೆ ನುಂಗುವ ಕ್ರಿಯೆ ಶುರುವಾಗುವ ಮೊದಲೇ ದ್ರವ ಗಂಟಲಿಗೆ ಜಾರುತ್ತಿದೆಯೇ ಎಂದು ಅನುಮಾನಿಸುತ್ತೇನೆ. ಹದಿನೈದು ನಿಮಿಷ ಚೆನ್ನಾಗಿ ತಿಂದು ಆಮೇಲೆ ಕೆಮ್ಮಿದರೆ ದಣಿವು, ಇಲ್ಲವೇ ಗಂಟಲಲ್ಲಿ ಉಳಿದ ಆಹಾರ. ಊಟ ಮುಗಿದು ಮಲಗಿಸಿದ ಮೇಲೆ ಕೆಮ್ಮಿದರೆ ಹೊಟ್ಟೆಯಿಂದ ಮೇಲೆ ಬರುತ್ತಿರಬಹುದು. ಮೂರಕ್ಕೂ ಮಾಡಬೇಕಾದದ್ದು ಬೇರೆ ಬೇರೆ.

ನುಂಗಿದ ಮೇಲೆ ಮಗು "ಆ" ಎಂದಾಗಲೋ ಅತ್ತಾಗಲೋ ದನಿ ಒದ್ದೆಯಾಗಿ ಗೊರಗೊರ ಎನ್ನುತ್ತಿದ್ದರೆ ಅದು ಕೆಮ್ಮಿನಷ್ಟೇ ದೊಡ್ಡ ಸೂಚನೆ. ಕಣ್ಣಲ್ಲಿ ನೀರು ತುಂಬುವುದು, ಮೂಗಿನ ಸುತ್ತ ಬಣ್ಣ ಬದಲಾಗುವುದು, ಉಸಿರು ಜೋರಾಗುವುದು, ಮತ್ತೆ ಮತ್ತೆ ಎದೆ ಕಟ್ಟಿ ಜ್ವರ ಬರುವುದು ಇವೂ ಅದೇ ಸಾಲಿಗೆ ಸೇರುತ್ತವೆ. ಕೆಲವು ಮಕ್ಕಳು ಕೆಮ್ಮುವುದೇ ಇಲ್ಲ. ಶ್ವಾಸನಾಳಕ್ಕೆ ಇಳಿದರೂ ಅಲ್ಲಿಂದ ಎಚ್ಚರಿಕೆ ಬರುವುದಿಲ್ಲ. ಹಾಗಾಗಿ ಕೆಮ್ಮಿಲ್ಲ ಎಂದರೆ ಅಪಾಯವಿಲ್ಲ ಎಂದು ನಾನು ಬರೆಯುವುದಿಲ್ಲ. ಇಂಥ ಅನುಮಾನ ಬಂದ ಕೂಡಲೇ ಮನೆಯಲ್ಲಿ ಪ್ರಯೋಗ ಮಾಡುವುದನ್ನು ನಿಲ್ಲಿಸಿ ವಿಡಿಯೋಫ್ಲೂರೋಸ್ಕೋಪಿಗೆ, ಅಂದರೆ ಬೇರಿಯಂ ಬೆರೆಸಿದ ಆಹಾರ ನುಂಗುವುದನ್ನು ಎಕ್ಸ್-ರೇಯಲ್ಲಿ ನೋಡುವ ಪರೀಕ್ಷೆಗೆ ಕಳಿಸುತ್ತೇನೆ. ಹೋಗುವಾಗ ಮಗುವಿನ ಕುರ್ಚಿಯ ಆಸರೆಗಳು, ಚಮಚ, ಲೋಟ, ದಿನವೂ ತಿನ್ನುವ ಹದದ ಆಹಾರ ಎಲ್ಲವನ್ನೂ ಒಯ್ಯಲು ಹೇಳುತ್ತೇನೆ. ಅಲ್ಲಿನ ಅಪರಿಚಿತ ಕುರ್ಚಿಯಲ್ಲಿ, ಬೇರೆ ಚಮಚದಲ್ಲಿ ಮಾಡಿದ ಪರೀಕ್ಷೆ ಮನೆಯ ಊಟದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ.

ಕೂರಿಸುವುದು

ಕೆಳಗಿನಿಂದ ಮೇಲಕ್ಕೆ ಹೋಗುತ್ತೇನೆ. ಮೊದಲು ಸೊಂಟ. ಕುರ್ಚಿಯ ಒರಗಿಗೆ ಪೃಷ್ಠ ಪೂರ್ತಿ ತಾಗಿರಬೇಕು. ಬೆಲ್ಟು ಹೊಟ್ಟೆಯ ಮೇಲಲ್ಲ, ತೊಡೆ ಮತ್ತು ಸೊಂಟ ಕೂಡುವ ಮಡಿಕೆಯಲ್ಲಿ, ಕೂರುವ ಹಲಗೆಗೆ ಸುಮಾರು 45 ಡಿಗ್ರಿ ಓರೆಯಾಗಿ ಕೆಳಕ್ಕೂ ಹಿಂದಕ್ಕೂ ಎಳೆಯುವಂತಿರಬೇಕು. ಹೊಟ್ಟೆಗೆ ಬಿಗಿದರೆ ಮಗು ಕೆಳಗೆ ಜಾರುವುದು ನಿಲ್ಲುವುದಿಲ್ಲ, ಜೊತೆಗೆ ತಿಂದದ್ದು ಮೇಲೆ ಬರುತ್ತದೆ. ಆಮೇಲೆ ಹಲಗೆಯ ಉದ್ದ: ಮಂಡಿಯ ಹಿಂಭಾಗಕ್ಕೂ ಹಲಗೆಯ ಅಂಚಿಗೂ ನಡುವೆ ಎರಡು ಬೆರಳಿನ ಜಾಗ. ಹಲಗೆ ಉದ್ದವಾದರೆ ಮಗು ಮಂಡಿ ಮಡಚಲೆಂದು ಸೊಂಟವನ್ನೇ ಮುಂದಕ್ಕೆ ತರುತ್ತದೆ. ನಾನು ಕಾಣುವ ತಪ್ಪುಗಳಲ್ಲಿ ಅತಿ ಹೆಚ್ಚಿನದು ಇದೇ. ಬೆನ್ನ ಹಿಂದೆ ಗಟ್ಟಿ ಸ್ಪಂಜಿನ ತುಂಡು ಇಟ್ಟರೆ ಸಾಕು, ಹೊಸ ಕುರ್ಚಿ ಬೇಕಿಲ್ಲ.

ಪಾದ ಗಾಳಿಯಲ್ಲಿ ತೂಗಾಡಬಾರದು. ಹಳೆಯ ಪುಸ್ತಕಗಳನ್ನು ಜೋಡಿಸಿ ಟೇಪು ಸುತ್ತಿದರೂ ಸರಿ, ಮರದ ಪೆಟ್ಟಿಗೆಯಾದರೂ ಸರಿ, ಪೂರ್ತಿ ಪಾದ ಊರುವಂತಿರಬೇಕು. ಬೆರಳ ತುದಿ ಮಾತ್ರ ತಾಗುವ ಎತ್ತರ ಕೆಟ್ಟದ್ದು. ಬಿಗಿತ ಇರುವ ಮಗು ಬೆರಳ ತುದಿಯಿಂದ ಒತ್ತಿ ಇಡೀ ದೇಹವನ್ನು ಸೆಟೆಸಿಕೊಳ್ಳುತ್ತದೆ. ಸೊಂಟ, ಮಂಡಿ, ಪಾದದ ಕೀಲು ಮೂರೂ ಸುಮಾರು 90 ಡಿಗ್ರಿ. ಹೆಚ್ಚು ಸೆಟೆಯುವ ಮಗುವಿಗೆ ತೊಡೆಯ ಕೆಳಗೆ, ಮಂಡಿಯ ಕಡೆಗೆ, ಟವೆಲ್ ಸುರುಳಿ ಇಟ್ಟು ಮಂಡಿಯನ್ನು ಸೊಂಟಕ್ಕಿಂತ ಒಂದಿಷ್ಟು ಎತ್ತರಿಸುತ್ತೇನೆ. ಕಾಲುಗಳು ಕತ್ತರಿಯಂತೆ ಹೆಣೆದುಕೊಂಡರೆ ನಡುವೆ ಇನ್ನೊಂದು ಸುರುಳಿ.

ಮೇಜು ಮೊಣಕೈ ಎತ್ತರಕ್ಕೆ. ಬೆನ್ನು ಸಡಿಲವಾಗಿರುವ ಮಗುವಿಗೆ ಅದಕ್ಕಿಂತ ಎರಡು ಮೂರು ಸೆಂಟಿಮೀಟರ್ ಹೆಚ್ಚಿಸಿ ಮುಂಗೈಗಳನ್ನು ಮೇಜಿನ ಮೇಲೆ ಊರಿಸುತ್ತೇನೆ. ಹೆಗಲು ತಾನಾಗಿ ಮುಂದಕ್ಕೆ ಬರುತ್ತದೆ, ತಲೆ ನಿಲ್ಲುತ್ತದೆ.

ತಲೆಯ ವಿಷಯದಲ್ಲಿ ಒಂದು ಎಚ್ಚರಿಕೆ. ತಲೆ ಹಿಂದಕ್ಕೆ ಬೀಳುತ್ತದೆ ಎಂದು ಅಂಗೈಯಿಂದ ಹಿಂದಲೆಯನ್ನು ಮುಂದಕ್ಕೆ ಒತ್ತಬೇಡಿ. ಒತ್ತಿದಷ್ಟೂ ಅದು ಅಂಗೈಗೆ ಎದುರಾಗಿ ಹಿಂದಕ್ಕೇ ತಳ್ಳುತ್ತದೆ. ಆಸರೆ ಬೇಕಿರುವುದು ತಲೆಬುರುಡೆಯ ಬುಡಕ್ಕೆ, ಕತ್ತು ಶುರುವಾಗುವ ಕಡೆಗೆ. ಅಲ್ಲಿ ಮೃದುವಾದ ಸುರುಳಿ ಇಟ್ಟು, ಹೆಗಲುಗಳನ್ನು ಮುಂದಕ್ಕೆ ತಂದರೆ ಗದ್ದ ತಾನೇ ಸ್ವಲ್ಪ ಕೆಳಗಿಳಿಯುತ್ತದೆ. ಗದ್ದ ಎದೆಗೆ ಅಂಟುವಷ್ಟು ಬೇಡ. ಮಗು ತನ್ನ ಬಟ್ಟಲನ್ನು ತಾನೇ ನೋಡುತ್ತಿರುವಂತೆ ಇದ್ದರೆ ಸಾಕು.

ತಲೆ ನಿಲ್ಲದ ಮಗುವನ್ನು ಒರಗಿಸಬೇಕಾದರೆ ಬೆನ್ನೊರಗನ್ನು ಮಾತ್ರ ಹಿಂದೆ ಮಾಡುವುದಿಲ್ಲ, ಇಡೀ ಕುರ್ಚಿಯನ್ನು 15ರಿಂದ 30 ಡಿಗ್ರಿ ವಾಲಿಸುತ್ತೇನೆ. ಸೊಂಟದ ಮಡಿಕೆ ಹಾಗೇ ಉಳಿಯಬೇಕು, ತಲೆ ಬೆನ್ನಿಗಿಂತ ಹಿಂದೆ ಹೋಗಬಾರದು. ಅದಕ್ಕಿಂತ ಹೆಚ್ಚು ವಾಲಿಸಿದರೆ ನಾಲಿಗೆ ಸಿದ್ಧವಾಗುವ ಮೊದಲೇ ಆಹಾರ ತನ್ನ ಭಾರದಿಂದ ಗಂಟಲಿಗೆ ಇಳಿಯುತ್ತದೆ. ಮಲಗಿಸಿಕೊಂಡು ಬಾಯಿಗೆ ಸುರಿಯುವುದರಿಂದ ಊಟ ಬೇಗ ಮುಗಿಯುತ್ತದೆ ನಿಜ. ಮುಗಿಯುವುದು ಬಟ್ಟಲಿನಲ್ಲಿರುವುದು ಮಾತ್ರ, ಅದು ಎಲ್ಲಿಗೆ ಹೋಯಿತು ಎಂಬುದು ಬೇರೆ ಪ್ರಶ್ನೆ.

ಉಣಿಸುವವರು ನಿಂತಿರಬಾರದು. ನಿಂತರೆ ಮಗು ಮುಖ ನೋಡಲು ಕತ್ತೆತ್ತುತ್ತದೆ, ಕತ್ತೆತ್ತಿದರೆ ಶ್ವಾಸನಾಳದ ದಾರಿ ತೆರೆದುಕೊಳ್ಳುತ್ತದೆ. ಮಗುವಿನ ಕಣ್ಣಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ತುಸು ಕೆಳಗೆ, ನೇರ ಎದುರಿಗೆ ಕೂರಬೇಕು. ಪಕ್ಕದಿಂದ ಚಮಚ ಬಂದರೆ ಮಗು ಆ ಕಡೆ ತಿರುಗುತ್ತದೆ. ಶಿಶುವಿನ ಹಳೆಯ ಪ್ರತಿವರ್ತನೆಗಳು, ಅಂದರೆ ದೇಹ ತಾನಾಗಿಯೇ ತೋರುವ ಪ್ರತಿಕ್ರಿಯೆಗಳು, ಇನ್ನೂ ಉಳಿದಿರುವ ಮಗುವಿನಲ್ಲಿ ತಲೆ ತಿರುಗಿದ ಕಡೆಯ ಕೈ ಚಾಚಿಕೊಳ್ಳುತ್ತದೆ, ಇನ್ನೊಂದು ಮಡಚಿಕೊಳ್ಳುತ್ತದೆ, ದೇಹವೇ ಓರೆಯಾಗುತ್ತದೆ. ಪಾತ್ರೆ ಬೀಳುವ ಸದ್ದು, ಬಾಗಿಲು ಬಡಿಯುವ ಸದ್ದು ಕೂಡ ಇಂಥ ಮಗುವನ್ನು ತುತ್ತಿನ ನಡುವೆಯೇ ಬೆಚ್ಚಿಬೀಳಿಸಿ ಸೆಟೆಸುತ್ತದೆ.

ಆಹಾರದ ಹದ

ನುಂಗಲು ಕಷ್ಟವಾದರೆ ನೀರು ಬೆರೆಸಿ ತೆಳ್ಳಗೆ ಮಾಡುವುದು ಎಲ್ಲರಿಗೂ ಸಹಜವಾಗಿ ತೋಚುತ್ತದೆ. ಬಹಳಷ್ಟು ಮಕ್ಕಳಲ್ಲಿ ಅದೇ ತಿರುಗುಬಾಣ. ತೆಳು ದ್ರವದಷ್ಟು ವೇಗವಾಗಿ ಹರಿಯುವುದು ಬೇರೊಂದಿಲ್ಲ. ನಿಧಾನವಾದ ನಾಲಿಗೆ, ತಡವಾಗಿ ಮುಚ್ಚುವ ಶ್ವಾಸನಾಳ ಅದರ ವೇಗಕ್ಕೆ ಸರಿಗಟ್ಟಲಾರವು. ಹಾಗೆಂದು ಅತಿ ಮಂದವೂ ಒಳ್ಳೆಯದಲ್ಲ. ಬಲವಿಲ್ಲದ ನಾಲಿಗೆ ಅದನ್ನು ಪೂರ್ತಿ ಹಿಂದಕ್ಕೆ ಸಾಗಿಸಲಾರದು, ಗಂಟಲಲ್ಲಿ ಉಳಿದದ್ದು ನುಂಗಿದ ನಂತರ ಉಸಿರಿನ ಜೊತೆ ಒಳಗೆ ಹೋಗುತ್ತದೆ. ಆದ್ದರಿಂದ "ಸ್ವಲ್ಪ ಗಟ್ಟಿಯಾಗಿ ಮಾಡಿ" ಎಂಬಂಥ ಸಲಹೆ ನಾನು ಕೊಡುವುದಿಲ್ಲ. ಅಜ್ಜಿ ಮಾಡಿದ ಗಟ್ಟಿಗೂ ಅಮ್ಮ ಮಾಡಿದ ಗಟ್ಟಿಗೂ ಎಷ್ಟೋ ವ್ಯತ್ಯಾಸವಿರುತ್ತದೆ. ಅಳೆದು ಹೇಳಬೇಕು.

ಅಳತೆಗೆ ಐಡಿಡಿಎಸ್‌ಐ ಎಂಬ ಅಂತರರಾಷ್ಟ್ರೀಯ ಪದ್ಧತಿ ಇದೆ, 0ಯಿಂದ 7ರವರೆಗೆ ಎಂಟು ಮಟ್ಟ. ದ್ರವಕ್ಕೆ ಬೇಕಾಗುವುದು ಸೂಜಿಯಿಲ್ಲದ 10 ಮಿಲಿ ಸಿರಿಂಜು ಮತ್ತು ಗಡಿಯಾರ. ಸಿರಿಂಜಿನ ಸೊನ್ನೆಯ ಗೆರೆಯಿಂದ 10ರ ಗೆರೆಯವರೆಗಿನ ಉದ್ದ 61.5 ಮಿ.ಮೀ. ಇರಬೇಕು, ಎಲ್ಲ ಸಿರಿಂಜುಗಳಲ್ಲೂ ಅಷ್ಟಿರುವುದಿಲ್ಲ. ಒತ್ತುಗಡ್ಡಿ ತೆಗೆದು, ತುದಿಯನ್ನು ಬೆರಳಿನಿಂದ ಮುಚ್ಚಿ, 10 ಮಿಲಿ ತುಂಬಬೇಕು. ಬೆರಳು ತೆಗೆದು ಸರಿಯಾಗಿ ಹತ್ತು ಸೆಕೆಂಡ್ ಬಿಟ್ಟು ಮತ್ತೆ ಮುಚ್ಚಬೇಕು. ಉಳಿದದ್ದು 1 ಮಿಲಿಗಿಂತ ಕಡಿಮೆ ಇದ್ದರೆ 0 ಮಟ್ಟ, ಅಂದರೆ ನೀರಿನ ಹಾಗೆ. 1ರಿಂದ 4 ಮಿಲಿ ಉಳಿದರೆ 1ನೇ ಮಟ್ಟ, 4ರಿಂದ 8 ಉಳಿದರೆ 2ನೇದು, 8ಕ್ಕಿಂತ ಹೆಚ್ಚು ಉಳಿದು ಒಂದಿಷ್ಟಾದರೂ ಹರಿದರೆ 3ನೇದು. ಹರಿಯದೇ ನಿಂತರೆ 4. ಮನೆಯವರ ಕೈಯಲ್ಲಿ ಇದನ್ನು ನನ್ನೆದುರೇ ಎರಡು ಸಲ ಮಾಡಿಸುತ್ತೇನೆ.

4ನೇ ಮಟ್ಟದ ನುಣ್ಣನೆಯ ಆಹಾರಕ್ಕೆ ಚಮಚವೇ ಪರೀಕ್ಷೆ. ಚಮಚದಲ್ಲಿ ತೆಗೆದಾಗ ಆಕಾರ ಹಿಡಿದಿರಬೇಕು, ಓರೆ ಮಾಡಿ ಮೆಲ್ಲಗೆ ಅಲ್ಲಾಡಿಸಿದರೆ ಇಡಿಯಾಗಿ ಜಾರಿ ಬೀಳಬೇಕು, ಚಮಚಕ್ಕೆ ತೆಳು ಪೊರೆಯಷ್ಟೇ ಉಳಿಯಬೇಕು. ಬೀಳದೆ ಅಂಟಿಕೊಂಡರೆ ಅಂಗುಳಕ್ಕೂ ಹಾಗೇ ಅಂಟುತ್ತದೆ. ಆಲೂಗಡ್ಡೆಯನ್ನು ಮಿಕ್ಸರಿನಲ್ಲಿ ಹೆಚ್ಚು ಹೊತ್ತು ತಿರುಗಿಸಿದರೆ ಇದೇ ಆಗುವುದು, ಗೋಂದಿನಂತಾಗುತ್ತದೆ. ಬೇಯಿಸಿದ ಕೂಡಲೇ ಜರಡಿಯಲ್ಲಿ ಉಜ್ಜಿ, ಬೆಣ್ಣೆ ಅಥವಾ ಎಣ್ಣೆ ಸೇರಿಸಿ ಕಲಸಿದರೆ ಜಾರುವ ಹದ ಬರುತ್ತದೆ. 5ನೇ ಮಟ್ಟಕ್ಕೆ ಹೋದಾಗ ಮಕ್ಕಳಿಗೆ ಚೂರುಗಳ ಅಗಲ 2 ಮಿ.ಮೀ. ಮೀರಬಾರದು. 6ನೇ ಮಟ್ಟದ ಮೃದು ತುಂಡು 8 ಮಿ.ಮೀ. ಮೀರಬಾರದು, ಮುಳ್ಳುಚಮಚದ ಬೆನ್ನಿನಿಂದ ಒತ್ತಿದರೆ ಪುಡಿಯಾಗಿ ಮತ್ತೆ ಮೇಲೇಳಬಾರದು. ದೊಡ್ಡವರ ಅಳತೆ ಬೇರೆ, ಅದನ್ನು ಮಕ್ಕಳಿಗೆ ಹಾಕಬಾರದು.

ಎಲ್ಲಕ್ಕಿಂತ ಅಪಾಯದ್ದು ಎರಡು ಹದ ಒಂದೇ ಚಮಚದಲ್ಲಿರುವುದು: ತೆಳು ಸೂಪಿನಲ್ಲಿ ತೇಲುವ ತರಕಾರಿ, ಹಾಲಿನಲ್ಲಿ ಅರ್ಧ ನೆನೆದ ಬಿಸ್ಕತ್ತು. ಮಗು ಗಟ್ಟಿಯನ್ನು ಬಾಯಲ್ಲಿ ಹಿಡಿದುಕೊಂಡಿರುವಾಗಲೇ ದ್ರವ ಹಿಂದಕ್ಕೆ ಓಡುತ್ತದೆ.

ಪಾನೀಯ ಮಂದ ಮಾಡುವ ಪುಡಿಗಳಲ್ಲಿ ಪಿಷ್ಟದ್ದು ಬಾಯಿಯ ಎಂಜಲು ತಾಗಿದರೆ ಮತ್ತೆ ತೆಳ್ಳಗಾಗುತ್ತದೆ. ಚಮಚದಲ್ಲಿ ಕುಡಿಸುತ್ತ ಅದೇ ಚಮಚವನ್ನು ಲೋಟಕ್ಕೆ ಮತ್ತೆ ಮತ್ತೆ ಅದ್ದಿದರೆ ಕೊನೆಗೆ ಲೋಟದಲ್ಲಿ ನೀರೇ ಇರುತ್ತದೆ. ಸ್ವಲ್ಪ ಸ್ವಲ್ಪವಾಗಿ ಬೇರೆ ಬಟ್ಟಲಿಗೆ ಹಾಕಿಕೊಳ್ಳಿ. ಜಾಂಥನ್ ಗೋಂದಿನ ಪುಡಿ ಹಾಗಾಗುವುದಿಲ್ಲ, ಆದರೆ ಅದನ್ನು ಒಂದು ವರ್ಷದೊಳಗಿನ ಶಿಶುಗಳಿಗೆ, ಅದರಲ್ಲೂ ಅವಧಿಗೆ ಮುಂಚೆ ಹುಟ್ಟಿದವರಿಗೆ ಕೊಡಬಾರದು. ಅವಧಿಪೂರ್ವ ಶಿಶುಗಳಲ್ಲಿ ಕರುಳಿಗೆ ಗಂಭೀರ ಹಾನಿಯಾದ ವರದಿಗಳ ಮೇಲೆ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲೇ ಎಚ್ಚರಿಸಿದೆ. ಮಂದ ಪಾನೀಯ ಶುರುವಾದ ಮೇಲೆ ಮಗು ಕುಡಿಯುವುದು ಕಡಿಮೆಯಾಗುತ್ತದೆ. ಮೂತ್ರ ಕಡುಬಣ್ಣವಾಗುತ್ತದೆ, ಮಲ ಕಟ್ಟುತ್ತದೆ, ಮಲ ಕಟ್ಟಿದರೆ ಹಸಿವೇ ಆಗುವುದಿಲ್ಲ. ಹಾಗಾಗಿ ದಿನಕ್ಕೆ ಎಷ್ಟು ಮಿಲಿ ಒಳಗೆ ಹೋಯಿತು ಎಂದು ಮೊದಲ ಎರಡು ವಾರ ಬರೆದಿಡಿಸುತ್ತೇನೆ.

ಒಂದು ಚಮಚ ತುತ್ತು

ಚಮಚ ಅಗಲ ಕಿರಿದು, ಗುಳಿ ಕಡಿಮೆ, ಅಂಚು ಮೃದುವಾದ ಸಿಲಿಕೋನಿನದು. ಗುಳಿ ಆಳವಿದ್ದರೆ ಮೇಲ್ತುಟಿಗೆ ಅಲ್ಲಿಯ ಆಹಾರ ಸಿಗುವುದಿಲ್ಲ. ತೆಳು ಪ್ಲಾಸ್ಟಿಕ್ ಚಮಚ ಕಚ್ಚಿದರೆ ಚೂರಾಗುತ್ತದೆ, ಬೇಡ. ತುತ್ತಿನ ಪ್ರಮಾಣ 2-3 ಮಿಲಿ, ಅಂದರೆ ಅರ್ಧ ಟೀ ಚಮಚ.

ಚಮಚವನ್ನು ಮೊದಲು ಮಗುವಿಗೆ ತೋರಿಸಬೇಕು, ಬಾಯಿಗಿಂತ ಕೆಳಗೆ, ಒಂದು ಗೇಣು ದೂರದಲ್ಲಿ. ಬಾಯಿ ತೆರೆಯಲಿ ಎಂದು ಕಾಯಬೇಕು. ಕೆಲವು ಮಕ್ಕಳಿಗೆ ಐದು ಸೆಕೆಂಡ್ ಬೇಕು, ಕೆಲವರಿಗೆ ಹತ್ತು. ಈ ಕಾಯುವಿಕೆ ಉಣಿಸುವವರಿಗೆ ಬಹಳ ಕಷ್ಟ, ಆದರೆ ಅವಸರದಲ್ಲಿ ತುಟಿಗೆ ತಾಗಿಸಿದರೆ ದವಡೆ ಅಗತ್ಯಕ್ಕಿಂತ ಜಾಸ್ತಿ ತೆರೆದು ಅಲ್ಲೇ ನಿಂತುಬಿಡುತ್ತದೆ. ತೆರೆದಾಗ ಚಮಚವನ್ನು ಮಟ್ಟಸವಾಗಿ ಒಳಗೆ ಒಯ್ದು, ನಾಲಿಗೆಯ ನಡುಭಾಗದ ಮೇಲೆ ಇಟ್ಟು ಕೆಳಕ್ಕೆ ಸ್ಥಿರವಾಗಿ ಒತ್ತಬೇಕು. ಆ ಒತ್ತಡ ಬಿದ್ದ ಕೂಡಲೇ ನಾಲಿಗೆ ಹೊರಗೆ ತಳ್ಳುವುದನ್ನು ಬಿಟ್ಟು ಒಂದಿಷ್ಟು ಚಪ್ಪಟೆಯಾಗುವುದು ಬೆರಳಿಗೇ ತಿಳಿಯುತ್ತದೆ. ಮೇಲ್ತುಟಿ ಕೆಳಗೆ ಬರಲು ಕಾಯಬೇಕು. ಬಂದ ಮೇಲೆ ಚಮಚವನ್ನು ನೇರವಾಗಿ ಹೊರಗೆ ತರಬೇಕು. ಮೇಲ್ಹಲ್ಲಿಗೆ ಕೆರೆದು ಆಹಾರ ಉದುರಿಸಿದರೆ ತುಟಿ ಕೆಲಸ ಕಲಿಯುವುದೇ ಇಲ್ಲ, ಕತ್ತೂ ಹಿಂದಕ್ಕೆ ಹೋಗುತ್ತದೆ. ನುಂಗಿತು ಎಂದು ಗಂಟಲಲ್ಲಿ ಕಂಡ ಮೇಲೆ, ಬಾಯಿ ಖಾಲಿಯಾಗಿದೆ ಎಂದು ನೋಡಿದ ಮೇಲೆ ಮುಂದಿನ ತುತ್ತು.

ಚಮಚವನ್ನು ಮಗು ಗಟ್ಟಿಯಾಗಿ ಕಚ್ಚಿ ಹಿಡಿದರೆ ಎಳೆಯಬೇಡಿ. ಎಳೆದಷ್ಟೂ ಕಚ್ಚುವ ಪ್ರತಿವರ್ತನೆ ಬಲವಾಗುತ್ತದೆ. ಕೈ ಸಡಿಲಿಸಿ, ಮಗುವಿನ ತಲೆಯನ್ನು ಮೆಲ್ಲಗೆ ಮುಂದಕ್ಕೆ ತಂದು, ಸುಮ್ಮನೆ ಕಾದರೆ ಅದೇ ಬಿಡುತ್ತದೆ.

ದವಡೆ ನಿಲ್ಲದ ಮಗುವಿಗೆ ಕೈ ಆಸರೆ ಕೊಡುತ್ತೇನೆ. ಎದುರು ಕೂತಿದ್ದರೆ ಹೆಬ್ಬೆರಳು ಗದ್ದದ ಮೇಲೆ, ಕೆಳತುಟಿಯ ಕೆಳಗೆ. ತೋರುಬೆರಳು ದವಡೆಯ ಅಂಚಿನ ಉದ್ದಕ್ಕೆ. ನಡುಬೆರಳು ಮಡಚಿ ಗದ್ದದ ಅಡಿಗೆ, ಮೂಳೆಯ ಹಿಂದಿನ ಮೃದು ಜಾಗದಲ್ಲಿ. ನಡುಬೆರಳ ಒತ್ತಡ ನಾಲಿಗೆಯ ಬುಡಕ್ಕೆ ತಾಗುತ್ತದೆ, ಆದ್ದರಿಂದ ಅದು ಹಗುರವಾಗಿರಬೇಕು, ಗಂಟಲಿನ ಕಡೆ ಜಾರಬಾರದು. ಬಾಯಿಯನ್ನು ಬಲವಂತವಾಗಿ ಮುಚ್ಚಿಸಲು ಅಲ್ಲ ಇದು. ದವಡೆ ಅತ್ತಿತ್ತ ಹೋಗದಂತೆ ತಡೆಯಲು ಮಾತ್ರ. ಮಗು ತಾನೇ ಹಿಡಿದುಕೊಳ್ಳಲು ಶುರು ಮಾಡಿದ್ದು ಬೆರಳಿಗೆ ತಿಳಿದ ದಿನ ಒತ್ತಡ ಇಳಿಸುತ್ತ ಹೋಗಬೇಕು. ಮುಖ ಮುಟ್ಟಿದರೆ ಅಳುವ ಮಗುವಿಗೆ ಇದನ್ನು ಊಟದ ಹೊತ್ತಲ್ಲಿ ಆರಂಭಿಸುವುದಿಲ್ಲ. ಮುಖ ತೊಳೆಯುವಾಗ, ಒರೆಸುವಾಗ ಮೊದಲು ಅಭ್ಯಾಸ ಮಾಡಿಸುತ್ತೇನೆ.

ಜಗಿಯುವುದನ್ನು ಕಲಿಸಲು ಆಹಾರವನ್ನು ನಾಲಿಗೆಯ ಮೇಲಲ್ಲ, ಪಕ್ಕದ ದವಡೆಹಲ್ಲುಗಳ ನಡುವೆ ಇಡುತ್ತೇನೆ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಬಾಯಲ್ಲಿ ಬಿಟ್ಟರೆ ನಿಭಾಯಿಸಲಾರದ ಮಗುವಿಗೆ ಹಣ್ಣಿನ ತುಂಡನ್ನು ತೆಳು ಹತ್ತಿ ಬಟ್ಟೆಯಲ್ಲಿ ಕಟ್ಟಿ, ತುದಿಯನ್ನು ನಾನೇ ಹಿಡಿದು ಜಗಿಯಲು ಕೊಡುತ್ತೇನೆ. ರಸ ಮಾತ್ರ ಇಳಿಯುತ್ತದೆ. ರಸವೂ ತೆಳು ದ್ರವವೇ ಆದ್ದರಿಂದ ತೆಳು ದ್ರವ ಸುರಕ್ಷಿತವಲ್ಲದ ಮಗುವಿಗೆ ಇದು ಬೇಡ. ಪೀಪಿ ಊದಿಸುವುದು, ಬ್ರಷ್‌ನಿಂದ ನಾಲಿಗೆ ಉಜ್ಜುವುದು ಮುಂತಾದ ಆಹಾರವಿಲ್ಲದ ಬಾಯಿ ವ್ಯಾಯಾಮಗಳಿಗೆ ನಾನು ಹೆಚ್ಚು ಸಮಯ ಕೊಡುವುದಿಲ್ಲ. ಊದಲು ಕಲಿತ ಮಗು ಊದಲು ಕಲಿಯುತ್ತದೆ. ನುಂಗುವುದನ್ನು ನುಂಗಿಯೇ ಕಲಿಯಬೇಕು.

ಕುಡಿಯಲು ಮೂಗಿಗೆ ತಾಗದಂತೆ ಒಂದು ಬದಿ ಅಂಚು ಕತ್ತರಿಸಿದ ಲೋಟ ಕೊಡುತ್ತೇನೆ, ಕತ್ತೆತ್ತದೆ ಕೊನೆಯ ಗುಟುಕಿನವರೆಗೆ ಕುಡಿಯಬಹುದು. ಅಂಚು ಕೆಳತುಟಿಯ ಮೇಲೆ ಊರಿರಬೇಕು, ಹಲ್ಲುಗಳ ನಡುವೆ ಅಲ್ಲ. ಒಂದು ಗುಟುಕು 3ರಿಂದ 5 ಮಿಲಿ, ಆಮೇಲೆ ಲೋಟವನ್ನು ತೆಗೆಯದೆ ಕೆಳಗೆ ವಾಲಿಸಿ ಉಸಿರಿಗೆ ಬಿಡುವು.

ಕೈಯಿಂದ ತಾನೇ ತಿನ್ನುವ ಅಭ್ಯಾಸವನ್ನು ಊಟದ ಮೊದಲ ಐದಾರು ಚಮಚಕ್ಕೆ ಸೀಮಿತಗೊಳಿಸುತ್ತೇನೆ. ಜಾರದ ಮ್ಯಾಟು, ಅಂಚು ಎತ್ತರದ ತಟ್ಟೆ, ದಪ್ಪ ಹಿಡಿಯ ಚಮಚ, ಮೇಜಿಗೆ ಊರಿದ ಮೊಣಕೈ. ನನ್ನ ಕೈ ಮಗುವಿನ ಮುಂಗೈಯ ಕೆಳಗಿರುತ್ತದೆ. ಬಾಯಿಯ ಹತ್ತಿರದ ಕೊನೆಯ ಒಂದೆರಡು ಅಂಗುಲವನ್ನು ಮಗುವಿಗೇ ಮೊದಲು ಬಿಟ್ಟುಕೊಡುತ್ತೇನೆ, ಬಟ್ಟಲಿನಿಂದ ತುಂಬುವುದು ಎಲ್ಲಕ್ಕಿಂತ ಕಷ್ಟ, ಅದು ಕೊನೆಗೆ. ಪೂರ್ತಿ ಊಟ ತಾನೇ ತಿನ್ನಲಿ ಎಂದು ಬಿಟ್ಟರೆ ಕೈಗೆ ಹೋದ ಶ್ರಮದಿಂದ ನುಂಗುವುದು ಕೆಡುತ್ತದೆ.

ತೂಕ, ಸಮಯ, ಮತ್ತು ನಳಿಕೆ

ಊಟಕ್ಕೆ 30 ನಿಮಿಷದ ಮಿತಿ ಇಡುತ್ತೇನೆ. ಆಮೇಲಿನ ತುತ್ತುಗಳಲ್ಲಿ ಹೋಗುವುದು ಕಡಿಮೆ, ಅಪಾಯ ಹೆಚ್ಚು. ಮೂರು ದೊಡ್ಡ ಊಟದ ಬದಲು ಐದಾರು ಚಿಕ್ಕವು. ಪ್ರಮಾಣ ಹೆಚ್ಚಿಸದೆ ಶಕ್ತಿ ಹೆಚ್ಚಿಸಲು ಕೊಬ್ಬು: ಒಂದು ಟೀ ಚಮಚ ಎಣ್ಣೆಯಲ್ಲಿ ಸುಮಾರು 40 ಕ್ಯಾಲೊರಿ ಇದೆ. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸುವಂತಿಲ್ಲ. ಮೂರ್ಛೆಯ ಔಷಧಿಯಿಂದ ಮಂಪರು ಬರುವ ಹೊತ್ತು ಯಾವುದು ಎಂದು ಕೇಳಿ, ಊಟವನ್ನು ಅದರಿಂದ ದೂರವಿಡುತ್ತೇನೆ.

ನಿಲ್ಲಲಾಗದ ಮಗುವಿನ ಎತ್ತರವನ್ನು ಮಂಡಿಯಿಂದ ಲೆಕ್ಕ ಹಾಕಬಹುದು. ಮಂಡಿ, ಪಾದದ ಕೀಲು ಎರಡನ್ನೂ 90 ಡಿಗ್ರಿಗೆ ಮಡಚಿ, ಹಿಮ್ಮಡಿಯ ಅಡಿಯಿಂದ ಮಂಡಿಯ ಮೇಲ್ಭಾಗದ ತನಕ ಸೆಂಟಿಮೀಟರಿನಲ್ಲಿ ಅಳೆದು, 2.69ರಿಂದ ಗುಣಿಸಿ 24.2 ಕೂಡಿಸಬೇಕು. 25 ಸೆಂ.ಮೀ. ಬಂದರೆ ಎತ್ತರ ಸುಮಾರು 91.5 ಸೆಂ.ಮೀ. ಇದು 12 ವರ್ಷದವರೆಗಿನ ಮಕ್ಕಳ ಸೂತ್ರ. ತೂಕಕ್ಕೆ ಅಮ್ಮ ಮಗುವನ್ನು ಎತ್ತಿಕೊಂಡು ನಿಂತು, ಆಮೇಲೆ ಒಬ್ಬರೇ ನಿಂತು ಕಳೆಯಬೇಕು. ಅದೇ ತಕ್ಕಡಿ, ಅದೇ ಹೊತ್ತು, ತಿಂಗಳಿಗೊಮ್ಮೆ. ಸಾಮಾನ್ಯ ಮಕ್ಕಳ ಪಟ್ಟಿಯಲ್ಲಿ ಎಲ್ಲಿದೆ ಎನ್ನುವುದಕ್ಕಿಂತ ಮಗು ತನ್ನದೇ ಗೆರೆಯಲ್ಲಿ ಏರುತ್ತಿದೆಯೇ ಎಂಬುದನ್ನು ನೋಡುತ್ತೇನೆ.

ಕೂರಿಸುವುದು, ಹದ, ಚಮಚ ಎಲ್ಲ ಸರಿಪಡಿಸಿದ ಮೇಲೂ ತೂಕ ನಿಂತಿದ್ದರೆ, ಎದೆಯ ಸೋಂಕು ಮರುಕಳಿಸುತ್ತಿದ್ದರೆ, ದಿನದ ಮೂರು ನಾಲ್ಕು ಗಂಟೆ ಉಣಿಸುವುದರಲ್ಲೇ ಹೋಗುತ್ತಿದ್ದರೆ ನಳಿಕೆಯ ಮಾತು ಎತ್ತುತ್ತೇನೆ. ಕೆಲವು ವಾರಗಳಿಗಾದರೆ ಮೂಗಿನ ನಳಿಕೆ, ಹೆಚ್ಚು ಕಾಲಕ್ಕೆ ಹೊಟ್ಟೆಗೆ ನೇರ ಹಾಕುವ ಗ್ಯಾಸ್ಟ್ರೋಸ್ಟಮಿ. ಇದನ್ನು ಮನೆಯವರು ತಮ್ಮ ಸೋಲು ಎಂದುಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದನ್ನು ತಡ ಮಾಡಿದ ಪ್ರತಿ ತಿಂಗಳೂ ಬೆಳೆಯುವ ಮಗುವಿಗೆ ನಷ್ಟ. ಔಷಧಿ, ನೀರು, ಬೇಕಾದ ಆಹಾರ ನಳಿಕೆಯಲ್ಲಿ ಹೋದರೆ ಬಾಯಿಗೆ ಕೊಡುವ ನಾಲ್ಕು ಚಮಚ ರುಚಿಗಾಗಿ ಕೊಡಬಹುದು, ಅದೂ ನುಂಗುವ ಪರೀಕ್ಷೆ ಒಪ್ಪಿದರೆ. ನಡೆಯದ ಮಗುವಿಗೆ ಶಕ್ತಿಯ ಅಗತ್ಯ ಓರಗೆಯವರಿಗಿಂತ ಕಡಿಮೆ, ಹಾಗಾಗಿ ನಳಿಕೆ ಹಾಕಿದ ಮೇಲೆ ವಯಸ್ಸಿನ ಲೆಕ್ಕದಲ್ಲಿ ಸುರಿಯದೆ ಆಹಾರತಜ್ಞರ ಲೆಕ್ಕ ಅನುಸರಿಸಬೇಕು. ಸದಾ ಕೈಕಾಲು ಅಂಕೆಯಿಲ್ಲದೆ ಆಡುವ ಮಗುವಿಗೆ ಅದೇ ಹೆಚ್ಚು ಬೇಕಾಗಬಹುದು.

ನಳಿಕೆ ಬಂದ ಮೇಲೆ ಮರೆತುಹೋಗುವುದು ಹಲ್ಲು. ಬಾಯಿಂದ ತಿನ್ನದ ಮಗುವಿನ ಬಾಯಲ್ಲೂ ಸೂಕ್ಷ್ಮಾಣುಗಳು ಬೆಳೆಯುತ್ತವೆ, ಆ ಎಂಜಲು ಶ್ವಾಸಕೋಶಕ್ಕೆ ಇಳಿದರೆ ಆಹಾರ ಇಳಿದಷ್ಟೇ ಕೆಡುಕು. ದಿನಕ್ಕೆ ಎರಡು ಸಲ, ಊಟಕ್ಕೆ ಕೂರಿಸುವ ಹಾಗೇ ಕೂರಿಸಿ, ತಲೆಯನ್ನು ತುಸು ಮುಂದಕ್ಕೆ ಮತ್ತು ಪಕ್ಕಕ್ಕೆ ಬಾಗಿಸಿ, ಚಿಕ್ಕ ತಲೆಯ ಮೃದು ಬ್ರಷ್‌ಗೆ ಅಕ್ಕಿಕಾಳಿನಷ್ಟು ಪೇಸ್ಟ್ ಹಚ್ಚಿ ಉಜ್ಜುವುದು. ಬ್ರಷ್ ಒದ್ದೆಯಾಗಿರಲಿ, ನೀರು ತೊಟ್ಟಿಕ್ಕಬಾರದು. ಮುಕ್ಕಳಿಸಲು ಬಾರದ ಮಗುವಿನ ಬಾಯಿಗೆ ನೀರು ಹಾಕದೆ, ಹಿಂಡಿದ ಬಟ್ಟೆಯನ್ನು ಬೆರಳಿಗೆ ಸುತ್ತಿ ವಸಡು ಮತ್ತು ಕೆನ್ನೆಯ ಒಳಭಾಗವನ್ನು ಹಿಂದಿನಿಂದ ಮುಂದಕ್ಕೆ ಒರೆಸಿ ತೆಗೆಯುವುದು.